ಕೊಸರಿಗೆ ಸಿಕ್ಕ ನಡಿಗೆ

ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಒಂದು ಗಾಜು ಒಡೆದಿದೆ. ಆ ಜಾಗಕ್ಕೆ ನನ್ನ ಸೊಂಟದ ಎಕ್ಸ್‌ರೇ ಹೊಡೆದಿದ್ದೇವೆ. ಮುನ್ನೂರೈವತ್ತು ರೂಪಾಯಿ ಕೊಟ್ಟು ಮಂಗಳೂರಿನಲ್ಲಿ ತೆಗೆಸಿದ್ದು. ಘಟ್ಟ ಇಳಿದು ಹತ್ತಿದ ಜೀಪಿನ ಡೀಸೆಲ್ಲು, ಎರಡು ಊಟ, ಕಾಯುವ ಬೇಸರಕ್ಕೆ ಕೊಂಡ ಒಂದು ಕೊಡೆ, ಇಷ್ಟನ್ನೂ ಸೇರಿಸಿದರೆ ಆ ದುಡ್ಡಿಗೆ ಇಡೀ ಕಿಟಕಿಯನ್ನೇ ಹೊಸದು ಮಾಡಿಸಬಹುದಿತ್ತು. ತೆಗೆಸಿದ್ದು ಯಾಕೆಂದರೆ ಎಡಗಡೆಯ ಸೊಂಟ ನೋಯುತ್ತಿತ್ತು. ಚಿಕ್ಕಮಗಳೂರಿನಲ್ಲಿ ಒಂದು ಸಲ, ಮಂಗಳೂರಿನಲ್ಲಿ ಎರಡು ಸಲ ತೆಗೆಸಿದೆ. ಮೂರರಲ್ಲೂ ಏನೂ ಕಾಣಲಿಲ್ಲ. ಏನೂ ಕಾಣದ ಎಕ್ಸ್‌ರೇಗೆ ರಿಯಾಯಿತಿ ಉಂಟೇ ಎಂದು ಕೇಳಿದೆ. ಇರಲಿಲ್ಲ.

ಬೆಳಿಗ್ಗೆ ಏಳೂವರೆಗೆ ಬಿಸಿಲು ಆ ಕಿಟಕಿಗೆ ಬಿದ್ದರೆ ನನ್ನ ಮೂಳೆಗಳು ಎದುರು ಗೋಡೆಯ ಮೇಲೆ ಮಸುಕಾಗಿ ಮೂಡುತ್ತವೆ. ಇವತ್ತು ತಲೆಗೆ ನೀರು ಹೊಯ್ದುಕೊಳ್ಳುತ್ತ ಅವನ್ನೇ ನೋಡುತ್ತ ನಿಂತೆ. ಸೊಂಟದ ನೋವು ಹೋಗಿ ಎಷ್ಟೋ ವರ್ಷವಾಯಿತು. ಅದನ್ನು ಗುಣ ಮಾಡಿದ್ದು ಡಾಕ್ಟರಲ್ಲ. ಹತ್ತು ದಿನದ ಒಂದು ಕುಣಿತದ ಶಿಬಿರ, ಅದರ ಜೊತೆಗೆ ದೇವಕಿ ಎಂಬ ಮೆಣಸು ತುಳಿಯುವ ಹೆಂಗಸು. ಹೀಗೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಾನೂ ಒಳ್ಳೆಯ ವ್ಯಾಪಾರಿ, ಸುಮ್ಮನೆ ಇಂಥದ್ದನ್ನು ನಂಬುವವನಲ್ಲ.

ನನ್ನ ವ್ಯಾಪಾರ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ನಾನು ಕಾಳುಮೆಣಸಿನ ಚೇಣಿ ಹಿಡಿಯುವವನು. ಮೆಣಸು ಇನ್ನೂ ಬಳ್ಳಿಯಲ್ಲಿ ಹಸಿರಾಗಿ ನೇತಾಡುತ್ತಿರುವಾಗಲೇ ತೋಟವೆಲ್ಲ ಸುತ್ತಿ, ಇಷ್ಟು ಬಂದೀತು ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡಿ, ಇಡೀ ಫಸಲಿಗೆ ಒಂದೇ ಮಾತಿನಲ್ಲಿ ರೇಟು ಮುಗಿಸುವುದು. ಆಮೇಲೆ ಕೊಯ್ಲು ನಮ್ಮದು, ಒಣಗಿಸುವುದು ನಮ್ಮದು, ಹೆಚ್ಚು ಬಂದರೂ ಕಡಿಮೆ ಬಂದರೂ ನಮ್ಮದು. ಇದಕ್ಕೆ ಹಣಕ್ಕಿಂತ ಮುಖ್ಯವಾಗಿ ಬೇಕಾದದ್ದು ಕಾಲು. ನಮ್ಮ ಕಡೆಯ ತೋಟಗಳು ಮಲಗಿಲ್ಲ, ನಿಂತಿವೆ. ಗುಡ್ಡದ ನೆತ್ತಿಯ ಬಳ್ಳಿಯನ್ನೂ ಹತ್ತಿ ನೋಡಬೇಕು. ನನಗೆ ಹತ್ತಲಾಗದೆ ಎರಡು ವರ್ಷವಾಗಿತ್ತು. ಕೆಳಗಿನ ಬಳ್ಳಿ ನೋಡಿ ಮೇಲಿನದಕ್ಕೆ ರೇಟು ಹೇಳುತ್ತಿದ್ದೆ. ಅದು ಹುಡುಗಿಯ ಅಣ್ಣನನ್ನು ನೋಡಿ ಮದುವೆಗೆ ಒಪ್ಪಿದ ಹಾಗೆ. ಎರಡು ವರ್ಷವೂ ಕೈ ಸುಟ್ಟುಕೊಂಡಿದ್ದೆ. ಮೂರನೆಯ ವರ್ಷವೂ ಹೀಗೇ ಆದರೆ ಚೇಣಿ ಬಿಟ್ಟು, ಕಳಸದ ಪೇಟೆಯಲ್ಲಿ ಸ್ಟೂಲು ಹಾಕಿಕೊಂಡು ಸಬ್ಬಕ್ಕಿ ತೂಗುವುದೊಂದೇ ಉಳಿದಿತ್ತು. ಕೂತು ಮಾಡುವ ವ್ಯಾಪಾರ ನನಗೆ ಬರುವುದಿಲ್ಲ. ನಾನು ನಿಂತು ಮೇಲೆ ಬಂದವನು.

ಈ ನಿಲ್ಲುವುದನ್ನು ಕಲಿತದ್ದು ಮಲ್ಲಂದೂರಿನಲ್ಲಿ. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿನ ಒಂದು ಕಾಫಿ ಎಸ್ಟೇಟಿಗೆ ರೈಟರ್ ಆಗಿ ಸೇರಿದೆ. ಆಳುಗಳ ಹಾಜರಿ ಬರೆಯುವುದು, ಹಣ್ಣಿನ ಬುಟ್ಟಿ ತೂಗುವುದು. ಇಪ್ಪತ್ತೊಂದು ವರ್ಷ, ಮೀಸೆ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ಹಾಜರಿ ಕರೆದರೆ ಆಳುಗಳು 'ಓ' ಎನ್ನುವ ಬದಲು ನಗುತ್ತಿದ್ದರು. ತೋಟದ ಧಣಿ ರುದ್ರಪ್ಪನವರ ಎದುರಲ್ಲಿ ಮಾತ್ರ ಎಲ್ಲರೂ ಗಪ್‌ಚಿಪ್. ಅವರು ಬೈಯುತ್ತಿರಲಿಲ್ಲ, ಜೋರಾಗಿ ಮಾತೂ ಆಡುತ್ತಿರಲಿಲ್ಲ. ಹಾಗಾದರೆ ಈ ಗತ್ತು ಎಲ್ಲಿಂದ ಬಂತು ಎಂದು ನಾನು ಒಂದು ತಿಂಗಳು ಗಮನಿಸಿದೆ. ಉತ್ತರ ಅವರು ನಿಲ್ಲುವ ಭಂಗಿಯಲ್ಲಿತ್ತು. ಮೈಯ ಭಾರವನ್ನೆಲ್ಲ ಎಡಗಾಲಿಗೆ ಬಿಟ್ಟು, ಬಲಗಾಲನ್ನು ಚೂರು ಮುಂದೆ, ನೆಲಕ್ಕೆ ಸೋಕಿಯೂ ಸೋಕದ ಹಾಗೆ ಇಟ್ಟು, ಕೈ ಹಿಂದೆ ಕಟ್ಟಿ, ಗದ್ದ ಎತ್ತಿ ನಿಲ್ಲುವರು. ಕಾಫಿ ಕೊಳ್ಳಲು ಬಂದವನಿಗೆ, ಈ ಮನುಷ್ಯ ಈಗಲೋ ಆಗಲೋ ಹೊರಟುಬಿಡುತ್ತಾನೆ ಎನ್ನಿಸುತ್ತಿತ್ತು. ಹೋಗಿಬಿಟ್ಟಾರೆಂಬ ಗಾಬರಿಯಲ್ಲಿ ಅವನೇ ರೇಟು ಏರಿಸುತ್ತಿದ್ದ. ನಡೆಯುವಾಗಲೂ ಅಷ್ಟೆ. ಒಂದು ಹೆಜ್ಜೆ, ಸಣ್ಣ ತಡೆ, ಇನ್ನೊಂದು ಹೆಜ್ಜೆ. ದಾರಿಯೇ ಅವರಿಗಾಗಿ ಕಾಯಬೇಕು ಎಂಬಂತೆ.

ನಾನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಮನೆಯ ಹಿಂದೆ ನಿಂತು ಅದನ್ನು ಅಭ್ಯಾಸ ಮಾಡಿದೆ. ಕನ್ನಡಿ ಇರಲಿಲ್ಲ, ನೆರಳು ನೋಡಿಕೊಂಡು ತಿದ್ದಿಕೊಂಡೆ. ಆರು ತಿಂಗಳಲ್ಲಿ ಆಳುಗಳು 'ಓ' ಎನ್ನತೊಡಗಿದರು. ಒಂದು ವರ್ಷಕ್ಕೆ ಮೇಸ್ತ್ರಿ ನನ್ನನ್ನು ಕಂಡು ಬೀಡಿ ಬಚ್ಚಿಟ್ಟ. ನಾಲ್ಕನೆಯ ವರ್ಷ ಧಣಿಗಳು ನನ್ನನ್ನು ಕಣಕ್ಕೆ ಕರೆಸಿ, "ನೀನು ಎಲ್ಲಾದ್ರೂ ಸ್ವಂತದ್ದು ಮಾಡ್ಕಂಡು ಹೋಗಪ್ಪ. ಇಲ್ಲಿ ಇರದು ಬೇಡ" ಎಂದರು. ಇಷ್ಟು ದೊಡ್ಡ ಆಶೀರ್ವಾದ ನನಗೆ ಯಾರೂ ಮಾಡಿರಲಿಲ್ಲ. ಕಾಲಿಗೆ ಬಿದ್ದೆ. ಅವರು ಬಲಗಾಲು ಹಿಂದಕ್ಕೆಳೆದುಕೊಂಡರು. ವಿನಯ ಎಂದುಕೊಂಡೆ.

ಆಮೇಲೆ ಕಳಸಕ್ಕೆ ಬಂದೆ, ಚೇಣಿ ಶುರು ಮಾಡಿದೆ, ಆ ಒಂದು ನಿಲುವಿನಿಂದಲೇ ಮದುವೆಯಾದೆ, ಜೀಪು ಕೊಂಡೆ, ಊರಾಚೆ ಎಂಬತ್ತು ಅಡಿಗೆ ಅರವತ್ತು ಅಡಿಯ ಸಿಮೆಂಟಿನ ಕಣ ಹಾಕಿಸಿದೆ. ಸುತ್ತಮುತ್ತ ಅಷ್ಟು ನುಣುಪಾದ ಕಣ ಇನ್ನೊಂದಿರಲಿಲ್ಲ. ನನ್ನನ್ನು ನೋಡಿದರೆ ನನಗೆ ಏನು ಬೇಕು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಹೆಂಡತಿ ಶಾರದೆಗೂ ತಿಳಿಯುತ್ತಿರಲಿಲ್ಲ. ಸಾರು ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಅವಳು ಎರಡನೇ ಸಲ ಬಡಿಸಿ ನೋಡುತ್ತಿದ್ದಳು.

ನಳಿನಿ ಮೇಡಂ ಎಂಬವರು ಬಂದದ್ದು ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ. ಊರಲ್ಲಿ ಹೋಂಸ್ಟೇಗಳು ಆಗಷ್ಟೇ ತಲೆಯೆತ್ತುತ್ತಿದ್ದವು, ಮೊಬೈಲಿಗೆ ನಮ್ಮ ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಐವತ್ತರ ಆಸುಪಾಸಿನ, ಕುಳ್ಳಗಿನ, ಮೈಸೂರು ಕಡೆಯ ಹೆಂಗಸು. ಪಟ್ಟಣದ ಎಂಟು ಜನರಿಗೆ ಹತ್ತು ದಿನದ ಕುಣಿತದ ಶಿಬಿರ ಮಾಡಲು ಬಯಲಿನಲ್ಲಿರುವ ನುಣುಪು ನೆಲ ಬೇಕಿತ್ತು ಅವರಿಗೆ. ಜನವರಿ ತಿಂಗಳು. ಮೆಣಸಿನ ಮೊದಲ ಕೊಯ್ಲು ಕಣದ ಒಂದು ಮೂಲೆಗೆ ಬಂದಿತ್ತು, ಮಿಕ್ಕ ಜಾಗ ಖಾಲಿ.

"ಯಾವ ಕುಣಿತ ಕಲಿಸದು ನೀವು?" ಎಂದೆ.

"ಕಲಿಸಲ್ಲ. ಹೆಜ್ಜೆ ಹೇಳಿಕೊಡೋ ಪದ್ಧತಿ ಇಲ್ಲ. ಅವರವರ ಮೈಗೆ ಆ ಹೊತ್ತಿಗೆ ಏನು ತೋಚುತ್ತೋ ಅದನ್ನ ಮಾಡ್ತಾರೆ."

"ಹಂಗಾರೆ ನೀವು ಎಂತ ಮಾಡದು?"

"ನೋಡ್ತೀನಿ."

"ನೋಡದಕ್ಕೆ ದುಡ್ಡು ತಗಳ್ತೀರಾ ಮಾರಾಯ್ರೆ?"

"ನೀವೂ ತೋಟ ನೋಡಿಯೇ ಅಲ್ವಾ ಬದುಕ್ತಿರೋದು?"

ಆ ಕ್ಷಣಕ್ಕೆ ಅವರ ಮೇಲೆ ನನಗೆ ಗೌರವ ಬಂತು. ಎಡಗಾಲಿಗೆ ಭಾರ ಬಿಟ್ಟು ನಿಂತೆ. ಅವರು ಗಾಬರಿಯಾಗಲಿಲ್ಲ, ಆದರೂ ಬಾಡಿಗೆ ನನಗೆ ಬೇಕಾದ ಕಡೆಗೇ ಬಂತು. ವ್ಯಾಪಾರ ಮುಗಿದ ಮೇಲೆ ನಾನು ಕೊಸರು ಕೇಳಿದೆ. ಇದು ನನ್ನ ಅಭ್ಯಾಸ. ಸೊಪ್ಪು ಕೊಂಡರೂ ಕಟ್ಟಿನ ಮೇಲೆ ಎರಡು ಕಡ್ಡಿ ಬರಬೇಕು, ಹಸು ಕೊಂಡರೂ ಹಗ್ಗ ಸೇರಿಸಿಯೇ ಬರಬೇಕು. ಕೊಸರಿಲ್ಲದೆ ಮುಗಿದ ವ್ಯಾಪಾರ ನನಗೆ ಊಟದ ಕೊನೆಗೆ ಮಜ್ಜಿಗೆ ಸಿಗದ ಹಾಗೆ. ಅವರು ತಮ್ಮ ಚೀಲ ತಡಕಿದರು. ಒಂದು ನೀರಿನ ಬಾಟಲಿ, ಒಂದು ಟವೆಲ್ ಬಿಟ್ಟು ಏನೂ ಇರಲಿಲ್ಲ.

"ಶಿಬಿರದಲ್ಲಿ ಒಂದು ಸೀಟು ಕೊಡ್ತೀನಿ. ಪುಕ್ಕಟೆ" ಎಂದರು.

ಅವರ ಒಂದು ಸೀಟಿನ ಬೆಲೆ ನನ್ನ ಹತ್ತು ದಿನದ ಬಾಡಿಗೆಗಿಂತ ಜಾಸ್ತಿ ಎಂದು ಆಮೇಲೆ ತಿಳಿಯಿತು. ನನ್ನ ಜೀವನದ ಅತಿ ದೊಡ್ಡ ಕೊಸರು ಅದು. ಅಂಥದ್ದನ್ನು ಹಾಳಾಗಲು ಬಿಡುವುದುಂಟೇ? ಶಾರದೆಗೆ ಹೋಗು ಎಂದೆ.

"ಬೆಳಿಗ್ಗೆ ಏಳರಿಂದ ಹತ್ತು ಗಂಟೆ ತನ್ಕ ನಾನು ಕುಣೀತಿದ್ರೆ ನಿಮ್ಗೆ ಕಡುಬು ಬೇಯ್ಸದು ಯಾರು?" ಎಂದಳು.

ಜೀಪಿನ ಡ್ರೈವರಿಗೆ ಹೇಳಿದೆ. ಅವನು ಮೂರು ದಿನ ರಜೆ ಹಾಕಿದ. ಕೊನೆಗೆ ಬೇರೆ ದಾರಿಯಿಲ್ಲದೆ, ಸೊಂಟಕ್ಕೆ ಎಣ್ಣೆ ತಿಕ್ಕಿಕೊಂಡು ನಾನೇ ಹೋದೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡಲಾರದ ಒಂದೇ ಕಾರಣಕ್ಕೆ ಕುಣಿಯಲು ಹೋದ ಮನುಷ್ಯ ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೊದಲ ದಿನ ಎಲ್ಲರೂ ನೆಲದ ಮೇಲೆ ಮಲಗಬೇಕು ಎಂದರು. ಆ ಕಣ ನನ್ನದಾಗಿ ಐದು ವರ್ಷವಾಗಿತ್ತು, ನಾನು ಒಂದು ದಿನವೂ ಅದರ ಮೇಲೆ ಮಲಗಿರಲಿಲ್ಲ. ಕಣ್ಣು ಮುಚ್ಚಿ ಮೈ ಬಿಟ್ಟು ಮಲಗಿದಾಗ ಪೂರ್ವದ ಕಡೆ ಇಳಿಜಾರು ತಪ್ಪಿರುವುದು ಬೆನ್ನಿಗೆ ಗೊತ್ತಾಯಿತು. ಮಳೆನೀರು ಯಾಕೆ ಆ ಮೂಲೆಯಲ್ಲಿ ನಿಲ್ಲುತ್ತದೆ ಎಂದು ಐದು ವರ್ಷ ತಲೆ ಕೆಡಿಸಿಕೊಂಡಿದ್ದೆ. ಮೇಡಂ ಒಬ್ಬೊಬ್ಬರನ್ನೂ ಏನನ್ನಿಸಿತು ಎಂದು ಕೇಳಿದರು. ಬ್ಯಾಂಕಿನಲ್ಲಿದ್ದ ಒಬ್ಬರು ಆಕಾಶದಲ್ಲಿ ತೇಲಿದ ಹಾಗಾಯಿತು ಎಂದರು. ನಾನು ಗಾರೆಯವನು ಮೋಸ ಮಾಡಿದ್ದಾನೆ ಎಂದೆ. ಮೇಡಂ ಎರಡನ್ನೂ ಒಂದೇ ಥರ ಕೇಳಿಸಿಕೊಂಡರು.

ಎರಡನೆಯ ದಿನ, "ನಿಮ್ಮ ಬೆನ್ನು ಯಾವ ಕಡೆ ಹೋಗು ಅನ್ನುತ್ತೋ ಆ ಕಡೆ ಹೋಗಿ" ಎಂದರು. ನನ್ನ ಬೆನ್ನು ಮನೆಗೆ ಹೋಗು ಎಂದಿತು. ಹೋಗಿ ಕಾಫಿ ಕುಡಿದು ಬಂದೆ. ಬೈಯುತ್ತಾರೆ ಎಂದುಕೊಂಡರೆ, "ಸರಿಯಾಗಿ ಮಾಡಿದ್ರಿ" ಎಂದರು. ಮೂರನೆಯ ದಿನ ಉಳಿದವರೆಲ್ಲ ಉರುಳಿದರು, ತಿರುಗಿದರು, ಒಬ್ಬಳು ಒಂದು ಮೊಣಕೈಯನ್ನೇ ಮುಕ್ಕಾಲು ಗಂಟೆ ಆಡಿಸಿದಳು. ನನಗೆ ಏನೂ ತೋಚಲಿಲ್ಲ. ಏನಾದರೂ ಮಾಡಿ ಎಂದರೆ ಏನು ಮಾಡುವುದು? ಮೂವತ್ತೈದರ ಹತ್ತಿರ ಬಂದ ಗಂಡಸಿನ ಕೈಕಾಲು ಕೆಲಸ ಹೇಳದೆ ಅಲ್ಲಾಡುವುದಿಲ್ಲ. ಅಲ್ಲಾಡಬಾರದು ಎಂದೇ ಅಲ್ಲವೇ ನಾನು ಅವನ್ನು ಪಳಗಿಸಿದ್ದು?

ನಾಲ್ಕನೆಯ ದಿನ ನನ್ನ ಸರದಿ ಬಂತು. "ಇವತ್ತು ಏನೂ ಮಾಡೋದು ಬೇಡ. ನೀವು ಹೇಗೆ ನಿಲ್ತೀರೋ ಹಾಗೆ ನಿಂತ್ಕೊಳ್ಳಿ" ಎಂದರು. ಇದು ನನ್ನ ವಿಷಯ. ನಿಂತೆ. ಉಳಿದವರು ಎರಡು ನಿಮಿಷಕ್ಕೆ ಚಡಪಡಿಸಿದರು, ನಾನು ಹತ್ತು ನಿಮಿಷ ಕದಲಲಿಲ್ಲ. ಮೇಡಂ ನನ್ನ ಸುತ್ತ ಎರಡು ಸುತ್ತು ಬಂದರು, ಚೇಣಿಗೆ ಬಳ್ಳಿ ನೋಡುವವರ ಹಾಗೆ.

"ಬಲಗಾಲು ಯಾವಾಗ ಮುರಿದಿದ್ದು?"

"ಮುರಿದಿಲ್ಲ. ನೋವಿರದು ಎಡಗಡೆ ಮೇಡಂ. ನೀವು ಬೇರೆ ಕಾಲು ನೋಡ್ತಿದೀರಿ."

"ಎಡಗಡೆ ನೋಯದೆ ಇನ್ನೇನು? ಇಡೀ ಮೈಯನ್ನ ಅದೊಂದೇ ಹೊತ್ತಿದೆ. ಬಲಗಾಲು ಮುರಿದವರು ಹೀಗೆ ನಿಲ್ತಾರೆ. ಮುರಿದಿಲ್ಲದಿದ್ರೆ ಅದರ ಮೇಲೆ ಯಾಕೆ ನಿಲ್ಲೋದಿಲ್ಲ ನೀವು?"

ಉತ್ತರವಿಲ್ಲದಾಗ ಗದ್ದ ಎತ್ತುವುದು ನನ್ನ ರೂಢಿ. ಎತ್ತಿದೆ.

ಐದನೆಯ ದಿನ ನೆರಳಾಟ. ಒಬ್ಬರು ನಡೆಯಬೇಕು, ಇನ್ನೊಬ್ಬರು ಹಿಂದಿನಿಂದ ಅವರ ನೆರಳಿನ ಹಾಗೆ, ಅವರು ಹೇಗೋ ಹಾಗೇ ನಡೆಯಬೇಕು. ನಾನು ಸೇರಿ ಒಂಬತ್ತು ಜನ. ನನಗೆ ಜೊತೆ ಸಿಗಲಿಲ್ಲ. ಮೇಡಂ ಕಣದ ಮೂಲೆಯ ಕಡೆ ನೋಡಿ, "ಅವರನ್ನ ಕರೀರಿ. ನಾಲ್ಕು ದಿನದಿಂದ ನೋಡ್ತಿದ್ದೀನಿ, ಇಲ್ಲಿರೋರಲ್ಲಿ ನಿಜವಾಗಿ ಕುಣೀತಿರೋರು ಅವರೊಬ್ಬರೇ" ಎಂದರು.

ಅಲ್ಲಿ ದೇವಕಿ ಮೆಣಸು ತುಳಿಯುತ್ತಿದ್ದಳು. ಆಗಿನ್ನೂ ನಮ್ಮಲ್ಲಿ ಮೆಣಸು ಬಿಡಿಸುವ ಮಿಷನ್ನು ಬಂದಿರಲಿಲ್ಲ. ಕೊಯ್ದ ಗೊನೆಗಳನ್ನು ರಾಶಿ ಹಾಕಿ, ಮೇಲೊಂದು ಅಡ್ಡ ಬಿದಿರು ಕಟ್ಟಿ, ಅದನ್ನು ಹಿಡಿದುಕೊಂಡು ಬರಿಗಾಲಲ್ಲಿ ತುಳಿದರೆ ಕಾಳು ಬಿಡುತ್ತದೆ. ದೇವಕಿ ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಮಲ್ಲಂದೂರಿನ ಅದೇ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದು, ಗಂಡನ ಕಡೆಯ ಊರೆಂದು ಕಳಸಕ್ಕೆ ಬಂದವಳು. ಎಲ್ಲರೂ ಎಡ ಬಲ, ಎಡ ಬಲ ಎಂದು ತುಳಿದರೆ ಇವಳು ಒಮ್ಮೆ ಹಿಮ್ಮಡಿಯಲ್ಲಿ ತಿರುಚಿ, ಒಮ್ಮೆ ಬೆರಳಲ್ಲಿ ಕೆದಕಿ, ಒಮ್ಮೆ ಪಕ್ಕಕ್ಕೆ ಜಾರಿ, ಒಂದು ತುಳಿತ ಇನ್ನೊಂದರ ಹಾಗಿರುತ್ತಿರಲಿಲ್ಲ. ಹಿಂದೊಮ್ಮೆ ನಾನು ಶಿಸ್ತಾಗಿ ತುಳಿ ಎಂದು ಗದರಿದ್ದೆ. "ಒಂದೇ ಥರ ತುಳುದ್ರೆ ಕಾಲು ಸತ್ತೋಗ್ತದೆ ಸಾವ್ಕಾರ್ರೆ. ಅದು ಹೇಳ್ದಂಗೆ ಬಿಟ್ರೆ ಸಂಜೆ ತನ್ಕ ಇರ್ತದೆ" ಎಂದಿದ್ದಳು.

ಕರೆದದ್ದಕ್ಕೆ ಅವಳು, "ನಿಮ್ ಹಿಂದೆ ನಡೆಯದಕ್ಕೂ ಕೂಲಿ ಉಂಟಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡು ಬಂದಳು. ನಾನು ನಡೆದೆ. ಅವಳು ಹಿಂದೆ ನಡೆದಳು. ಹತ್ತು ಹೆಜ್ಜೆ ಆಗುವಷ್ಟರಲ್ಲಿ ಹಿಂದಿನಿಂದ ನಗು ಕೇಳಿಸಿತು. ತಿರುಗಿದರೆ ದೇವಕಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು.

"ಎಂತ ಆಯ್ತೇ?"

"ಅಯ್ಯೋ, ಇದು ನಿಮ್ ನಡಿಗೆ ಅಲ್ಲ ಮಾರಾಯ್ರೆ. ಇದು ಮಲ್ಲಂದೂರು ಧಣಿಗಳ ನಡಿಗೆ. ನೋಡಿ ನೋಡಿ ಏನೋ ಗೊತ್ತಿರ ನಡಿಗೆ ಅನ್ನಿಸ್ತಿತ್ತು. ಮೈಮೇಲೆ ಹಾಕ್ಕಂಡ್ ಮೇಲೇ ಗೊತ್ತಾಗಿದ್ದು."

"ಆದ್ರೆ ಎಂತ ಈಗ? ದೊಡ್ಡವರನ್ನ ನೋಡಿ ಕಲ್ತದ್ದು."

"ಕಲಿಯದಕ್ಕೆ ಬೇರೆ ಎಂತದೂ ಸಿಗ್ಲಿಲ್ವಾ ನಿಮ್ಗೆ? ಅವ್ರ ಜೀಪು ಮಗುಚಿ ಬಲಗಾಲಿನ ಕೀಲು ಪುಡಿ ಆಗಿತ್ತು. ನೀವು ಬರದಕ್ಕೆ ಎರಡು ವರ್ಷ ಮುಂಚೆ. ಎದುರಿಗೆ ಯಾರೂ ಆ ಮಾತೆತ್ತಂಗಿರ್ಲಿಲ್ಲ. ಕುಂಟದು ಕಾಣಬಾರ್ದು ಅಂತ ಅವ್ರು ಹಂಗೆ ನಿಲ್ತಿದ್ದದು."

ನಾನು ಕಣದ ಮಧ್ಯೆ ನಿಂತೇ ಇದ್ದೆ. ಎಡಗಾಲಿನ ಮೇಲೆ. ಹದಿಮೂರು ವರ್ಷ ನಾನು ಗತ್ತು ಎಂದು ಹೊತ್ತು ತಿರುಗಿದ್ದು ಬೇರೊಬ್ಬರ ಮೂಳೆಮುರಿತವನ್ನು. ಅದನ್ನೇ ತೋರಿಸಿ ಹೆಣ್ಣು ತಂದೆ, ಸಾಲು ತೋಟಗಳ ಚೇಣಿ ಹಿಡಿದೆ, ಕೊನೆಗೆ ನನ್ನ ಕಾಲು ಕಳೆದುಕೊಳ್ಳುವ ಹಂತಕ್ಕೆ ಬಂದೆ. ಬಲಗಾಲಿಗೆ ಭಾರ ಬಿಡಲು ನೋಡಿದೆ. ಅದು ಬಾಡಿಗೆ ಮನೆಯವನ ಹಾಗೆ ಹಿಂಜರಿಯಿತು. ಹಾಗಾದರೆ ನನ್ನದು ಎಂಬ ನಡಿಗೆ ಯಾವುದು? ಇಪ್ಪತ್ತೊಂದು ವರ್ಷ ನಾನು ಹೇಗೋ ನಡೆದಿರಬೇಕಲ್ಲ? ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ನಮ್ಮ ನಡಿಗೆ ನಮಗೆ ಕಾಣುವ ಜಾಗದಲ್ಲಿ ಇರುವುದಿಲ್ಲ.

"ನಾನು ಎಸ್ಟೇಟಿಗೆ ಹೊಸದಾಗಿ ಬಂದಾಗ ಹೆಂಗೆ ನಡೀತಿದ್ದೆ, ನೆನಪುಂಟಾ ದೇವಕಮ್ಮ?"

"ಉಂಟಲ್ಲ. ನಾವೆಲ್ಲ ಲೈನಲ್ಲಿ ನಿಮ್ ನಡಿಗೆ ಮಾಡಿ ತೋರ್ಸಿ ನಗ್ತಿದ್ವಿ."

"ಒಂದ್ಸಲ ಮಾಡಿ ತೋರ್ಸು."

ದೇವಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ತಿರ ಏನು ಕಲಿತಿದ್ದಳೋ ಎಲ್ಲ ಆ ನೋಟದಲ್ಲಿತ್ತು.

"ಮೆಣಸು ಬಿಡ್ಸ ಮಿಷನ್ನು ತರ್ತೀರಂತೆ ಈ ವರ್ಷ?"

"ಯಾರು ಹೇಳಿದ್ರು?"

"ಯಾರೋ. ಎರಡು ವರ್ಷ ತರಬೇಡಿ. ಆಮೇಲೆ ತೋರ್ಸ್ತೀನಿ."

"ಒಂದು ವರ್ಷ."

ಅವಳು ಮೆಣಸಿನ ರಾಶಿಯ ಕಡೆ ಹೊರಟಳು. ನಾನು ಸುಮ್ಮನೆ ನಿಂತಿದ್ದರೆ ಒಂದೂವರೆ ವರ್ಷಕ್ಕೆ ಬರುತ್ತಿದ್ದಳು, ಇದು ನನಗೆ ಚೆನ್ನಾಗಿ ಗೊತ್ತು. ಆದರೆ ನನಗೆ ಹೇಳದೆ ಕೇಳದೆ ನನ್ನ ಎರಡೂ ಕಾಲು ಅವಳ ಹಿಂದೆ ಹೊರಟುಬಿಟ್ಟವು. ಅವಳು ತಿರುಗಿ ನೋಡಿದಳು. ಮುಗಿಯಿತು.

"ಎರಡು ವರ್ಷ. ಕೊಸರಿಗೆ ತುಳಿಯ ಜಾಗದ ಮೇಲೊಂದು ಚಪ್ಪರ" ಎಂದಳು. ಒಪ್ಪಿದೆ.

ದೇವಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ನಡಿಗೆ ನಡೆದಳು. ಅದನ್ನು ಏನೆಂದು ಹೇಳಲಿ? ಎರಡು ಹೆಜ್ಜೆ ನಡಿಗೆ, ಮೂರನೆಯದು ಸಣ್ಣ ಹಾರು. ಕೈಗಳು ಕಾಲಿಗಿಂತ ಮುಂದೆ ಹೋಗಲು ಅವಸರ ಮಾಡುತ್ತಿದ್ದವು. ತಲೆ ಕೋಳಿಯ ಹಾಗೆ ಅಕ್ಕಪಕ್ಕ ಎಲ್ಲ ನೋಡುತ್ತಿತ್ತು. ಎಲ್ಲವೂ ಬೇಕು, ಎಲ್ಲವನ್ನೂ ಈಗಲೇ ನೋಡಬೇಕು ಎನ್ನುವವನ ನಡಿಗೆ. ಇವನಿಗೆ ಯಾರೂ ಎರಡು ರೂಪಾಯಿ ಕಡಿಮೆ ಮಾಡುತ್ತಿರಲಿಲ್ಲ. ಪಟ್ಟಣದವರು ನಕ್ಕರು. ನಾನೂ ನಗಲು ಹೋಗಿ ಕೆಮ್ಮಿದೆ. ಆ ಹುಡುಗನನ್ನು ಪಲ್ಪಿಂಗ್ ಮನೆಯ ಹಿಂದೆ ನಿಲ್ಲಿಸಿ ನಾನೇ ಮುಗಿಸಿದ್ದೆ. ಅವನು ಏನೂ ತಪ್ಪು ಮಾಡಿರಲಿಲ್ಲ.

ಅವಳ ಹಾಗೆ ನಡೆಯಲು ನೋಡಿದೆ. ಮೂರನೆಯ ಹೆಜ್ಜೆಗೆ ಸೊಂಟ ಚಳಕ್ ಎಂದಿತು. ಮೇಡಂ ಬಂದು, "ಬೇಡ. ಅದೂ ಈಗ ನಿಮ್ಮದಲ್ಲ. ಅವರದ್ದು ಬಿಟ್ಟು ಇವರದ್ದು ನಕಲು ಮಾಡಿದ ಹಾಗಾಯ್ತು" ಎಂದರು. ಮತ್ತೆ ಏನು ಮಾಡಲಿ ಎಂದೆ. ಅವರಿಗೂ ತಿಳಿದಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ದೇವಕಿಯೇ ಹೇಳಿದಳು: "ಮೆಣಸಿನ ಮೇಲೆ ಹತ್ತಿ ಸಾವ್ಕಾರ್ರೆ. ಅಲ್ಲಿ ಯಾರ ನಡಿಗೇನೂ ನಡಿಯಲ್ಲ."

ಚಪ್ಪಲಿ ಬಿಟ್ಟು ಹತ್ತಿದೆ. ಮೆಣಸು ಮಾರಿ ಬದುಕಿದವನು, ಅದರ ಮೇಲೆ ಬರಿಗಾಲಿಟ್ಟದ್ದು ಅದೇ ಮೊದಲು. ತಣ್ಣಗೆ ಇರುತ್ತದೆ, ಆಮೇಲೆ ಅಂಗಾಲು ಚುರುಗುಟ್ಟುತ್ತದೆ. ಬಿದಿರು ಹಿಡಿದು ರೂಢಿಯಂತೆ ಎಡಗಾಲಿಗೆ ಭಾರ ಬಿಟ್ಟೆ. ಕಾಳು ಉರುಳಿತು, ಕೂತೆ. ಎದ್ದೆ, ಬಿಟ್ಟೆ, ಮತ್ತೆ ಕೂತೆ. ಮೆಣಸಿನ ರಾಶಿಯ ಮೇಲೆ ಒಂದೇ ಕಾಲನ್ನು ನಂಬಿ ನಿಲ್ಲಲಾಗುವುದಿಲ್ಲ. ನಿಂತ ಕಡೆಯೇ ನಿಲ್ಲಲೂ ಆಗುವುದಿಲ್ಲ. ಮೂರನೆಯ ಸಲ ಎದ್ದಾಗ ಬೀಳಬಾರದು ಎಂದು ಎರಡೂ ಕಾಲು ಅವಸರ ಅವಸರವಾಗಿ ತಾವೇ ಮಾತಾಡಿಕೊಂಡವು. ಬಲಗಾಲು ಹಿಮ್ಮಡಿಯಲ್ಲಿ ತಿರುಗಿತು. ಅದು ಹಾಗೆ ತಿರುಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸೊಂಟ ಅದಕ್ಕೆ ಜಾಗ ಕೊಟ್ಟಿತು. ಯಾವಾಗಲೋ ಬಿದಿರು ಕೈಬಿಟ್ಟಿದ್ದೆ. ಎರಡೂ ಕೈ ಪಕ್ಕಕ್ಕೆ ಎದ್ದು, ಮಣಿಕಟ್ಟು ಸಡಿಲವಾಗಿ, ಏನನ್ನೋ ತೂಗಿ ತೂಗಿ ಬಿಡುವ ಹಾಗೆ ಏಳುತ್ತ ಇಳಿಯುತ್ತ ಇದ್ದವು. ಇದು ಯಾರದ್ದು ಎಂದು ನೋಡಿದೆ. ಧಣಿಗಳದ್ದಲ್ಲ. ದೇವಕಿಯದ್ದಲ್ಲ. ಇಪ್ಪತ್ತೊಂದು ವರ್ಷದ ಆ ಹುಡುಗನದ್ದೂ ಅಲ್ಲ. ವಾರಸುದಾರರು ಯಾರೂ ಮುಂದೆ ಬರಲಿಲ್ಲ. ನನ್ನದೇ ಇರಬೇಕೆಂದು ಇಟ್ಟುಕೊಂಡೆ.

ನಾನು ಕುಣಿದೆ ಎಂದು ಹೇಳಿಕೊಳ್ಳುವುದಿಲ್ಲ. ಒಂದು ಬುಟ್ಟಿ ಮೆಣಸು ಬಿಡಿಸಿದೆ. ಕಡುಬು ಆಯಿತು ಎಂದು ಕರೆಯಲು ಬಂದ ಶಾರದೆ ಕಣದ ಅಂಚಿನಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮನೆಗೆ ಹೋಗುವಾಗ, "ನಿಮ್ ಮುಖ ನೋಡಿದ್ರೆ ಈಗ ಎಲ್ಲ ಗೊತ್ತಾಗ್ತದಲ್ಲ" ಎಂದಳು. ಅವಳು ಖುಷಿಯಲ್ಲಿ ಹೇಳಿದ್ದು. ಆದರೆ ಮುಂದಿನ ವಾರವೇ ಮಲ್ಲಂದೂರಿಗೆ ರುದ್ರಪ್ಪನವರ ತೋಟದ ಚೇಣಿಗೆ ಹೋಗುವುದಿತ್ತು. ಆ ವರ್ಷ ನಾನು ಉಳಿಯುವುದೋ ಬಿಡುವುದೋ ಆ ಒಂದು ತೋಟದ ಮೇಲಿತ್ತು. ಅವರಂಥವರ ಎದುರಿಗೆ ಇಂಥ ಮುಖ ಹೊತ್ತುಕೊಂಡು ಹೋಗುವುದು ಹೇಗೆ?

ಉಳಿದ ಐದು ದಿನವೂ ಮೆಣಸಿನ ಮೇಲೆಯೇ ಕಳೆದೆ. ಕೊನೆಯ ದಿನ ಮೇಡಂ ಹೊರಡುವಾಗ ಉಳಿದವರೂ ಅಲ್ಲೇ ತುಳಿಯುತ್ತಿದ್ದರು ಎಂದರೆ ನಂಬಿ. ಆ ವಾರದ ತುಳಿತದ ಕೂಲಿ ಉಳಿಯಿತು ಎಂದುಕೊಂಡೆ. ದೇವಕಿ ಮೇಲ್ವಿಚಾರಣೆಯ ಲೆಕ್ಕದಲ್ಲಿ ಅದನ್ನೂ ತೆಗೆದುಕೊಂಡಳು.

ಮಲ್ಲಂದೂರಿನಲ್ಲಿ ಜೀಪು ಗೇಟಿನ ಹತ್ತಿರ ಬಿಟ್ಟು ನಡೆದೇ ಹೋದೆ. ರುದ್ರಪ್ಪನವರಿಗೆ ವಯಸ್ಸಾಗಿತ್ತು, ಕೈಯಲ್ಲಿ ಬೆತ್ತ ಬಂದಿತ್ತು. ಕಣದ ಕಟ್ಟೆಯ ಮೇ‍ಲೆ ಕೂತಿದ್ದವರು ನನ್ನನ್ನು ದೂರದಿಂದ ನೋಡಿ, ಹತ್ತಿರ ಬಂದ ಮೇಲೂ ಸ್ವಲ್ಪ ಹೊತ್ತು ನೋಡಿದರು.

"ನೀನಾ? ಯಾರೋ ಬೇರೆಯವ್ರು ಅಂದ್ಕಂಡೆ. ಎಂತ, ಇವತ್ತು ನನ್ನ ಅಣಕಿಸದಿಲ್ವಾ?"

ಅರ್ಥವಾಗಲಿಲ್ಲ.

"ನಾಲ್ಕು ವರ್ಷ ನನ್ ತೋಟದಲ್ಲೇ, ನನ್ ಎದುರಿಗೇ, ನಾನು ಕುಂಟಿದಂಗೆ ಕುಂಟ್ತಿದ್ದೆ. ಆಳುಗಳ ಮುಂದೆ. ಎಷ್ಟು ಅಂತ ಸೈಸದು? ಅದ್ಕೇ ಹೋಗು ಅಂದಿದ್ದು. ನೀನು ನೋಡಿದ್ರೆ ಕಾಲಿಗೆ ಬಿದ್ದು ಅದನ್ನೂ ಅಣಕ ಮಾಡ್ದೆ. ಆಮೇಲೆ ಚೇಣಿಗೆ ಬಂದಾಗ್ಲೂ ಅದೇ ಕಥೆ."

ನಾನು ಹೇಳಿದೆ. ಪಲ್ಪಿಂಗ್ ಮನೆ, ನೆರಳು, ಬೀಡಿ ಬಚ್ಚಿಟ್ಟ ಮೇಸ್ತ್ರಿ, ನನ್ನ ಎಡಸೊಂಟ, ಎಲ್ಲವನ್ನೂ. ಗೊತ್ತಿರಲಿಲ್ಲ, ಅದು ದೊಡ್ಡವರು ನಿಲ್ಲುವ ಕ್ರಮ ಎಂದುಕೊಂಡಿದ್ದೆ ಎಂದೆ. ಹೇಳುವಾಗ ನನ್ನ ಕೈಗಳು ಸುಮ್ಮನಿರಲಿಲ್ಲ. ಅವರು ಬೆತ್ತದ ತುದಿಯಿಂದ ತಮ್ಮ ಬಲಗಾಲು ತಟ್ಟಿದರು.

"ಇದು ಚೆನ್ನಾಗಿ ಕಾಣ್ತಿತ್ತಾ ನಿಂಗೆ?" ಎಂದರು.

"ಅದಕ್ಕಿಂತ ಚೆನ್ನಾಗಿ ನಿಲ್ಲೋರನ್ನ ನಾನು ನೋಡಿಲ್ಲ."

ಅವರು ಕೆಮ್ಮಿದರು. ನನ್ನ ಹಾಗೆಯೇ ಕೆಮ್ಮಿದರು, ಅಥವಾ ಅದನ್ನೂ ನಾನು ಅವರಿಂದಲೇ ಎತ್ತಿಕೊಂಡಿದ್ದೆನೋ ಏನೋ. "ಹಂಗಾರೆ ಇಷ್ಟು ವರ್ಷ ನಿಂಗೆ ಸುಮ್ನೆ ರೇಟು ಏರ್ಸಿದೆ" ಎಂದರು. ಏರಿಸಿದ್ದನ್ನು ವಾಪಸು ಕೊಡುವ ಮಾತು ಬರಲಿಲ್ಲ. ಬಂದಿದ್ದರೆ ನನಗೆ ಅವರ ಮೇಲಿನ ಗೌರವ ಕಡಿಮೆಯಾಗುತ್ತಿತ್ತು.

"ಹೋಗು, ತೋಟ ನೋಡ್ಕಂಡ್ ಬಾ" ಎಂದು ಅವರೂ ಎದ್ದರು. ಮೊದಲ ತಿರುವಿನ ತನಕ ಜೊತೆಗೆ ಬಂದರು, ಮುಚ್ಚುಮರೆಯಿಲ್ಲದೆ ಕುಂಟುತ್ತ. ಅಲ್ಲಿಂದ ನಾನೊಬ್ಬನೇ ಹತ್ತಿದೆ. ಮೂರು ಕಡೆ ಕೂತೆ, ಒಂದು ಕಡೆ ಬೈದುಕೊಂಡೆ, ಆದರೆ ನೆತ್ತಿ ಮುಟ್ಟಿದೆ. ಎರಡು ವರ್ಷ ಕೆಳಗಿನಿಂದ ಅಂದಾಜು ಹೊಡೆದಿದ್ದ ಬಳ್ಳಿಗಳು ಅಲ್ಲಿದ್ದವು. ಸಿಲ್ವರ್ ಓಕ್ ಮರದ ತುದಿಯ ತನಕ ಕಿಕ್ಕಿರಿದು ಜೋತಿದ್ದವು. ನೋಡಿ ನನ್ನ ಮೈ ಏನು ಮಾಡಿತೋ ನಾನು ಹೇಳುವುದಿಲ್ಲ, ಅಲ್ಲಿ ಯಾರೂ ಇರಲಿಲ್ಲ. ಕೆಳಗೆ ಬಂದಾಗ ರುದ್ರಪ್ಪನವರು ನನ್ನ ಮುಖ ನೋಡಿದರು, ಕೈ ನೋಡಿದರು, ಮೊದಲು ಹೇಳಬೇಕೆಂದುಕೊಂಡದ್ದಕ್ಕಿಂತ ಮೇಲೆ ಹೇಳಿದರು. ನಾನು ಕೊಟ್ಟೆ. ಕೊಟ್ಟೂ ಆ ವರ್ಷ ಉಳಿದುಕೊಂಡೆ. ಹತ್ತಿ ನೋಡಿದ ಮೆಣಸು ಮೋಸ ಮಾಡಲಿಲ್ಲ.

ಈಗ ವ್ಯಾಪಾರ ಮೊದಲಿನ ಹಾಗಿಲ್ಲ. ನನಗೆ ಒಂದು ತೋಟ ಇಷ್ಟವಾದರೆ ನಾಯಿಗೂ ಗೊತ್ತಾಗುತ್ತದೆ. ಹಾಗಾಗಿ ಅರ್ಧ ದಿನ ನಿಂತು ಎಳೆದಾಡುವುದನ್ನು ಬಿಟ್ಟೆ. ಮೊದಲ ರೇಟೇ ಕೊನೆಯ ರೇಟು ಎಂದು ಹೇಳಿ ಮುಗಿಸುತ್ತೇನೆ. ದಿನಕ್ಕೆ ಎರಡು ತೋಟ ನೋಡುತ್ತಿದ್ದವನು ನಾಲ್ಕು ನೋಡುತ್ತೇನೆ. ಸಾರು ಚೆನ್ನಾಗಿದ್ದರೆ ಶಾರದೆ ಎರಡನೇ ಸಲ ಕೇಳದೆ ಬಡಿಸುತ್ತಾಳೆ. ಇವತ್ತು ಬಚ್ಚಲಿನಿಂದ ಬರುವಾಗ ಒದ್ದೆ ನೆಲದಲ್ಲಿ ಜಾರಿದೆ. ಬಲಗಾಲು ತಾನೇ ಮುಂದೆ ಬಂದು ನನ್ನನ್ನು ಹಿಡಿದುಕೊಂಡಿತು. ಒಂದು ಕ್ಷಣ ಹಾಗೇ ನಿಂತು ಅದರ ಮೇಲೆ ಭಾರ ಬಿಟ್ಟು ನೋಡಿದೆ.

ನಿಮಗೆ ನನ್ನ ಸಲಹೆ ಇಷ್ಟು. ಎಲ್ಲಾದರೂ ನೋವಿದ್ದರೆ ಮೊದಲು ಡಾಕ್ಟರ ಹತ್ತಿರವೇ ಹೋಗಿ. ಅವರಿಗೂ ತಿಳಿಯದಿದ್ದರೆ, ನೀವು ಇಪ್ಪತ್ತರಲ್ಲಿದ್ದಾಗ ನಿಮ್ಮನ್ನು ನೋಡಿ ನಕ್ಕವರು ಯಾರಾದರೂ ಬದುಕಿದ್ದಾರೆಯೇ ಹುಡುಕಿ. ಹೊಗಳಿದವರ ಹತ್ತಿರ ಹೋಗಬೇಡಿ, ಅವರು ಏನನ್ನೂ ಸರಿಯಾಗಿ ನೋಡಿರುವುದಿಲ್ಲ. ಆಗ ನೀವು ಹೇಗೆ ನಡೆಯುತ್ತಿದ್ದಿರಿ ಎಂದು ಮಾಡಿ ತೋರಿಸಲು ಕೇಳಿ. ಹಾಗೇ ನಡೆಯಲು ಹೋಗಬೇಡಿ, ಉಳುಕುತ್ತದೆ, ಸುಮ್ಮನೆ ನೋಡಿದರೆ ಸಾಕು. ಆಮೇಲೆ ಮೆಣಸು ಸಿಕ್ಕರೆ ಮೆಣಸು, ಇಲ್ಲವಾದರೆ ಮರಳು, ಕೆಸರು, ಕಾಲು ಊರಲಾಗದ ಏನಾದರೂ ಒಂದರ ಮೇಲೆ ಬರಿಗಾಲಲ್ಲಿ ಹತ್ತಿ, ಕೈ ಬಿಟ್ಟು ಏನಾಗುತ್ತದೋ ನೋಡಿ. ಮೆಣಸಾದರೆ ಇಳಿದ ಮೇಲೆ ಸಾಬೂನು ಹಾಕಿ ಕಾಲು ತೊಳೆಯಿರಿ. ಎಲ್ಲಕ್ಕಿಂತ ಮುಖ್ಯ, ಅವರು ನಡೆದು ತೋರಿಸುವ ಮೊದಲೇ ರೇಟು ಮಾತಾಡಿ ಮುಗಿಸಿ. ಒಮ್ಮೆ ನಿಮ್ಮ ನಡಿಗೆಯನ್ನು ನೀವೇ ನೋಡಿಬಿಟ್ಟರೆ, ಆಮೇಲೆ ಅವರು ಕೇಳಿದಷ್ಟು ಕೊಟ್ಟುಬಿಡುತ್ತೀರಿ.